ಅಂಕೋರ್‌ನಿಂದ ವಾಪಸ್ ಬಂದ ರೇಷ್ಮೆ

ಜನವರಿಯ ಒಂದು ಶನಿವಾರ ಪಕ್ಕದ ಮನೆಯ ಆಂಟಿಗೆ ಪ್ರಸಾದ ಕೊಟ್ಟೆ. ಅವರು ಅದನ್ನು ನೋಡಿ ಅತ್ತರು. ಸಂತೋಷಕ್ಕೆ ಅಳುತ್ತಿದ್ದಾರೆ ಎಂದುಕೊಂಡು ನಾನು ಅವರ ಬೆನ್ನು ಸವರುತ್ತಾ, ಹಲ್ಲು ಕಿರಿಯುತ್ತಾ ನಿಂತಿದ್ದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆಂಟಿಯ ಹೆಸರು ಸೊಫೀಪ್. ಕಾಂಬೋಡಿಯಾದವರು. ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ನಮ್ಮ ಟೌನ್‌ಹೌಸಿಗೂ ಅವರದಕ್ಕೂ ನಡುವೆ ಒಂದೇ ಗೋಡೆ. ನಮ್ಮ ಕುಕ್ಕರ್ ಎಷ್ಟು ಸಲ ಕೂಗಿತೆಂದು ಅವರಿಗೆ ಗೊತ್ತಾಗುತ್ತದೆ. ಅವರ ಹಿತ್ತಿಲಿನ ಲೆಮನ್‌ಗ್ರಾಸ್ ನಮಗೆ, ನಮ್ಮ ಕರಿಬೇವು ಅವರಿಗೆ. ನಾವು ಇಂಡಿಯಾಗೆ ಹೋದರೆ ಕರಿಬೇವಿನ ಕುಂಡ ಅವರ ಮನೆಯ ಹೀಟರ್ ಪಕ್ಕದಲ್ಲಿ ಹಾಯಾಗಿರುತ್ತದೆ. ಅವರಿಗೆ ಮಕ್ಕಳಿಲ್ಲ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್.

ಹೋದ ಡಿಸೆಂಬರಿನಲ್ಲಿ ಮೈಸೂರಿನಲ್ಲೊಂದು ಮದುವೆಯಿತ್ತು. ಅದು ಮುಗಿದ ಮೇಲೆ ನಾಲ್ಕು ದಿನ ಕಾಂಬೋಡಿಯಾಗೆ ಹೋಗಿ ಅಂಕೋರ್ ಗುಡಿಗಳನ್ನು ನೋಡಿಬರೋಣ ಎಂದು ಟಿಕೆಟ್ ಬುಕ್ ಮಾಡಿದ್ದೆವು. ಸುದ್ದಿ ಹೇಳಿದ ಮರುದಿನವೇ ಆಂಟಿ ಒಂದು ಪೊಟ್ಟಣ ಹಿಡಿದು ಬಂದರು. ಒಳಗೆ ಕೆಂಪು ರೇಷ್ಮೆಯ ಬಟ್ಟೆ. ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿತ್ತು.

ಅವರ ಅಮ್ಮ ನೇಯ್ದದ್ದಂತೆ. ಯುದ್ಧದ ಕಾಲದಲ್ಲಿ ಆಂಟಿ ಹದಿನಾರರ ಹುಡುಗಿ. ಅಪ್ಪ ಅಮ್ಮ ಆಗಲೇ ಇರಲಿಲ್ಲ. ಚಿಕ್ಕ ತಮ್ಮನ ಕೈ ಹಿಡಿದು ನಡೆದೇ ಥಾಯ್ಲೆಂಡಿನ ಗಡಿಗೆ ಹೊರಟರು. ಹೊರಡುವ ಮುನ್ನ ಅಂಕೋರ್ ದೇವಸ್ಥಾನದ ದಿಕ್ಕಿಗೆ ತಿರುಗಿ ಕೈಮುಗಿದು ಹರಕೆ ಹೊತ್ತರು: ನಾವಿಬ್ಬರೂ ಜೀವಸಹಿತ ಗಡಿ ದಾಟಿದರೆ ಅಮ್ಮನ ರೇಷ್ಮೆಯನ್ನು ನಿನಗೆ ಹೊದಿಸುತ್ತೇನೆ. ಇಬ್ಬರೂ ದಾಟಿದರು. ಆಂಟಿಯ ಸೊಂಟಕ್ಕೆ ಸುತ್ತಿಕೊಂಡು ರೇಷ್ಮೆಯೂ ದಾಟಿತು. ಹರಕೆ ಮಾತ್ರ ಹಾಗೇ ಉಳಿಯಿತು. ಮೊದಲು ಕೈಯಲ್ಲಿ ಕಾಸಿರಲಿಲ್ಲ. ಆಮೇಲೆ ಆ ನೆಲದ ಮೇಲೆ ಕಾಲಿಡಲು ಧೈರ್ಯ ಬರಲಿಲ್ಲ. ಈಗ ಡಾಕ್ಟರ್ ಬಿಡುವುದಿಲ್ಲ. ನಾರ್ತ್ ಕೆರೊಲಿನಾದಲ್ಲಿರುವ ತಮ್ಮ ಆ ದೇಶದ ಹೆಸರೆತ್ತಿದರೆ ಫೋನ್ ಇಟ್ಟುಬಿಡುತ್ತಾರಂತೆ.

"ಅಂಕೋರ್ ವಾಟ್ ಬಾಗಿಲಲ್ಲೇ ಇದ್ದಾನೆ. ಎಂಟು ಕೈಯವನು. ಇದನ್ನ ಅವನಿಗೆ ಕೊಟ್ಟು ಬಾ" ಅಂದರು ಆಂಟಿ. (ನಾವು ಮಾತಾಡುವುದು ಇಂಗ್ಲಿಷಿನಲ್ಲೇ. ಆದರೆ ನನ್ನ ಕಿವಿಗೆ ಅವರ ಮಾತು ಕನ್ನಡದಲ್ಲೇ ಕೇಳಿಸುತ್ತದೆ.)

ಫೋಟೋ ತೋರಿಸಿದರು. ವಿಷ್ಣು! ನನಗೋ ಹಿಗ್ಗು. "ಆಂಟಿ, ನೀವು ಚಿಂತೆನೇ ಮಾಡ್ಬೇಡಿ. ಅವನು ನಮ್ಮ ದೇವರು. ಹೇಗೆ ಕೊಡಬೇಕು ಅಂತ ನಂಗೆ ಚೆನ್ನಾಗಿ ಗೊತ್ತು" ಅಂದೆ.

ಅಂಕೋರ್‌ಗೆ ಹೋಗುವ ನಮ್ಮವರಿಗೆಲ್ಲ ಬರುವ ರೋಗ ಇದು. ಕಲ್ಲಿನ ಮೇಲೆ ಸಮುದ್ರ ಮಥನ ಕಂಡರೆ "ಇದು ನಮ್ಮದು". ಗೋಡೆಯಲ್ಲಿ ಹನುಮಂತ ಕಂಡರೆ "ಇವನೂ ನಮ್ಮವನೇ". ನಮ್ಮ ಟುಕ್‌ಟುಕ್ ಡ್ರೈವರ್ ವುಥಿಗೆ ನಾನು ಎರಡು ದಿನ ರಾಮಾಯಣದ ಪಾಠ ಮಾಡಿದೆ. ಪಾಪದ ಮನುಷ್ಯ, ತಲೆಯಾಡಿಸುತ್ತಲೇ ಗಾಡಿ ಓಡಿಸಿದ. ಅವನಿಗೆ ಆ ಕಥೆ ಅಜ್ಜಿಯ ಮಡಿಲಿನಲ್ಲೇ ಗೊತ್ತಿತ್ತೆಂದು ಮೂರನೆಯ ದಿನ ಬಾಯಿಬಿಟ್ಟ. ಮಗಳು ಅದಿತಿ "ಅಮ್ಮಾ, ಪ್ಲೀಸ್ ಸ್ಟಾಪ್" ಎಂದು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಳು.

ಬಂತೇಯ್ ಸ್ರೇ ಗುಡಿಗೆ ಹೋಗುವ ದಾರಿಯಲ್ಲೊಂದು ಹಳ್ಳಿ. ಹೆಂಗಸರು ರಸ್ತೆ ಬದಿಯಲ್ಲಿ ಒಲೆ ಹೂಡಿ ತಾಳೆ ಬೆಲ್ಲ ಕಾಯಿಸುತ್ತಿದ್ದರು. ಇನ್ನೊಂದು ಮನೆಯಲ್ಲಿ ಅಕ್ಕಿ ಹಿಟ್ಟನ್ನು ಒತ್ತಿ ಕುದಿಯುವ ನೀರಿಗೆ ಇಳಿಸುತ್ತಿದ್ದರು. ನಮ್ಮ ಒತ್ತು ಶಾವಿಗೆಯೇ! ತಟ್ಟೆಗೆ ಬಂದಾಗ ಮೇಲೆ ಮೀನಿನ ಸಾರು. ನನ್ನ ಗಂಡ ರವಿ, "ಇದೂ ನಮ್ದೇನಾ ಮೇಡಂ?" ಎಂದು ಕೆಣಕಿದರು. ನಾನು ತಟ್ಟೆಯನ್ನು ಅವರತ್ತ ಸರಿಸಿ ಬೆಲ್ಲ ತಿಂದೆ.

ಕೊನೆಯ ದಿನ ಬೆಳಿಗ್ಗೆ ರೇಷ್ಮೆ ಹಿಡಿದು ಅಂಕೋರ್ ವಾಟ್‌ಗೆ ಹೋದೆವು. ಕಂದಕ ದಾಟಿ, ಪಡುವಣ ಬಾಗಿಲಲ್ಲಿ ಬಲಕ್ಕೆ ಹೊರಳಿದರೆ ಆತ ನಿಂತಿದ್ದಾನೆ. ಎರಡಾಳಿಗಿಂತ ಎತ್ತರ, ಎಂಟು ಕೈ. ಊರವರು ಅವನನ್ನು ತಾ ರೀಚ್ ಅನ್ನುತ್ತಾರೆ. ಮುಂದೆ ತಾವರೆ ಮೊಗ್ಗು, ಬಾಳೆಹಣ್ಣು, ಇಡಿಯಾಗಿ ಬೇಯಿಸಿದ ಒಂದು ಕೋಳಿ. (ವಿಷ್ಣುವಿನ ಮುಂದೆ! ರವಿ ಫೋಟೋ ತೆಗೆದು ನನ್ನ ಅತ್ತೆಗೆ ಕಳಿಸಲು ಹೊರಟರು. ಅವರ ಬಿಪಿ ನೆನಪಿಸಿ ತಡೆದೆ.)

ನಾನು ಶಾಸ್ತ್ರೋಕ್ತವಾಗಿಯೇ ಮಾಡಿದೆ. ಚಪ್ಪಲಿ ಬಿಟ್ಟೆ. ಊದುಬತ್ತಿ ಹಚ್ಚಿದೆ. ಆಂಟಿಯ ಹೆಸರಿನಲ್ಲಿ ಸಂಕಲ್ಪವನ್ನೂ ಮಾಡಿದೆ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳಬೇಕಲ್ಲವೇ? ಸೊಫೀಪ್, ಕಾಶ್ಯಪ ಗೋತ್ರ. ಅಲ್ಲಿ ನೋಡಿಕೊಳ್ಳುವ ಅಜ್ಜಿಯೊಬ್ಬರು ರೇಷ್ಮೆಯ ಮಡಿಕೆ ಬಿಚ್ಚಿ, ಏಣಿ ಹತ್ತಿ, ದೇವರ ಕೆಳಗಿನ ಕೈಗೆ ಹೊದಿಸಿದರು. ಕಣ್ಮುಚ್ಚಿ ನಿಂತೆ. ನಿಂತವಳು ನನ್ನದೂ ಒಂದು ಕೋರಿಕೆ ಸೇರಿಸಿದೆ. ನಮ್ಮ ಗ್ರೀನ್ ಕಾರ್ಡ್.

ಐದು ನಿಮಿಷ ಬಿಟ್ಟು ರೇಷ್ಮೆ ವಾಪಸ್ ಕೇಳಿದೆ.

"ಬಿಟ್ಬಿಡೇ. ಅಲ್ಲೇ ಇರ್ಲಿ" ಅಂದರು ರವಿ.

"ರೀ, ಆಂಟಿಗೆ ಪ್ರಸಾದ ಬೇಡ್ವಾ? ಬರೀ ಕೈಯಲ್ಲಿ ಹೋಗಕ್ಕಾಗತ್ತಾ?"

ವುಥಿ ನನ್ನ ಮುಖ ನೋಡಿದ. "ಮೇಡಂ, ಟೇಕ್ ಬ್ಯಾಕ್?" ಪ್ರಸಾದ ಅಂದರೇನೆಂದು ಅವನಿಗೂ ಒಂದು ಪಾಠ ಮಾಡಿದೆ. ಅವನು ಅಜ್ಜಿಗೆ ಹೇಳಿದ. ಅಜ್ಜಿ ಮತ್ತೆ ಏಣಿ ಹತ್ತಿ, ರೇಷ್ಮೆ ಇಳಿಸಿ, ನನ್ನ ಕೈಗಿಟ್ಟು ಏನೋ ಅಂದರು. ವುಥಿ ಅದನ್ನು ಅನುವಾದ ಮಾಡಲಿಲ್ಲ. ನಾನೂ ಕೇಳಲಿಲ್ಲ.

ನಮ್ಮ ಅಭ್ಯಾಸವೇ ಹಾಗಲ್ಲವೇ? ತೆಂಗಿನಕಾಯಿ ಕೊಟ್ಟು ಹೋಳು ಮನೆಗೆ ತರುತ್ತೇವೆ. ಸೀರೆ ಉಡಿಸಿ ಸೀರೆ ತರುತ್ತೇವೆ. ನೈವೇದ್ಯ ದೇವರಿಗೆ ತೋರಿಸುತ್ತೇವೆ, ಊಟ ನಾವು ಮಾಡುತ್ತೇವೆ. ವಾಪಸ್ ಬಂದರೇನೇ ಪುಣ್ಯ ಎಂಬ ಲೆಕ್ಕದಲ್ಲಿ ಬೆಳೆದವಳು ನಾನು. ಇನ್ನೊಬ್ಬರ ಲೆಕ್ಕ ಬೇರೆ ಇರಬಹುದೆಂದು ಒಮ್ಮೆಯೂ ಹೊಳೆಯಲಿಲ್ಲ.

ಹಾಗಾಗಿ ಆ ಶನಿವಾರ ಸ್ಟೀಲ್ ತಟ್ಟೆಯಲ್ಲಿ ರೇಷ್ಮೆ, ಮೇಲೊಂದು ಬಾಳೆಹಣ್ಣು, ತಾಳೆ ಬೆಲ್ಲ ಇಟ್ಟುಕೊಂಡು ಆಂಟಿಯ ಮನೆಗೆ ಹೋದೆ. ಅವರು ರೇಷ್ಮೆ ಮುಟ್ಟಿದರು. ಅತ್ತರು. ಅತ್ತು ಮುಗಿದ ಮೇಲೆ ಮೆಲ್ಲಗೆ ಕೇಳಿದರು:

"ಬೇಡ ಅಂದನಾ ಅವನು?"

ಇಲ್ಲ ಆಂಟಿ, ಅವನು ತಗೊಂಡ, ನಾನೇ ಕೇಳಿ ಇಸ್ಕೊಂಡು ಬಂದೆ ಎಂದು ತೊದಲಿದೆ. ಪ್ರಸಾದದ ಪಾಠವನ್ನು ಇನ್ನೊಂದು ಸಲ ಮಾಡಲು ಬಾಯಿ ಬರಲಿಲ್ಲ. ಇಷ್ಟು ವರ್ಷ ಹೊತ್ತ ಹರಕೆ ತೀರಿತೆಂದು ನಾನು ಅಲ್ಲಿಂದಲೇ ಮೆಸೇಜ್ ಕಳಿಸಿದ ಮೇಲೆ ಆಕೆ ಮೂರು ವಾರ ನೆಮ್ಮದಿಯಾಗಿದ್ದರು. ಆ ನೆಮ್ಮದಿಯನ್ನು ನಾನು ತಟ್ಟೆಯಲ್ಲಿಟ್ಟು ಕಿತ್ತುಕೊಂಡಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಈ ಸಾಲು ಬರೆಯುವಾಗಲೂ ಆಗುತ್ತಿದೆ.

"ವುಥಿಗೆ ಕೊರಿಯರ್ ಮಾಡ್ತೀನಿ ಆಂಟಿ. ಅವನೇ ಹೊದಿಸಿ ವಿಡಿಯೋ ಕಳಿಸ್ತಾನೆ."

"ನಿಮ್ಮಲ್ಲಿ ಹರಕೆನ ಪೋಸ್ಟಲ್ಲಿ ಕಳಿಸ್ತೀರಾ?"

(ಕಳಿಸುತ್ತೇವೆ. ಆನ್‌ಲೈನ್ ಸೇವೆ ಬುಕ್ ಮಾಡಿದರೆ ಕುಂಕುಮವೂ ಅಂಚೆಯಲ್ಲೇ ಬರುತ್ತದೆ. ಆಂಟಿಗೆ ಹೇಳಲಿಲ್ಲ.)

ಆಂಟಿ ಬಾಳೆಹಣ್ಣನ್ನು ಪಕ್ಕಕ್ಕಿಟ್ಟು ಕೇಳಿದರು, "ಅವನ ಮುಂದೆ ನಿಂತು ನೀನೇನು ಕೇಳಿಕೊಂಡೆ?"

ಸುಳ್ಳು ಹೇಳಬಹುದಿತ್ತು. "ಗ್ರೀನ್ ಕಾರ್ಡ್" ಅಂದೆ.

ಆಂಟಿ ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಬಿದ್ದು ಬಿದ್ದು ನಕ್ಕರು. "ಅಂದ್ರೆ ನಿನ್ನ ಅರ್ಜಿ ಅಲ್ಲಿಟ್ಟೆ, ನನ್ನ ಬಟ್ಟೆ ಇಲ್ಲಿಗೆ ತಂದೆ!" ಕಣ್ಣೊರೆಸಿಕೊಂಡು ಬೆಲ್ಲ ಬಾಯಿಗೆ ಹಾಕಿಕೊಂಡರು. ಅವರ ಊರಿನದೇ ಬೆಲ್ಲ. ಕಣ್ಮುಚ್ಚಿ ಬಹಳ ಹೊತ್ತು ಚೀಪಿದರು.

ರೇಷ್ಮೆಯನ್ನು ಮತ್ತೆ ಅದೇ ಗೆರೆಗಳಲ್ಲಿ ಮಡಿಸಿದರು. "ಮುಂದಿನ ಸಲ ನಿನ್ನ ಗಂಡನ ಕೈಲಿ ಕೊಡ್ತೀನಿ. ನಿನ್ನ ಕೈಲಿ ಕೊಡಲ್ಲ. ಯಾವಾಗ ಹೋಗ್ತೀರಿ?"

"ಬೇಗ ಆಂಟಿ" ಅಂದೆ. ಮನೆಗೆ ಬಂದು ರವಿಗೆ ಹೇಳಿದೆ. ಅವರು ಲಾಯರ್‌ನ ಈಮೇಲ್ ತೋರಿಸಿದರು. ಅಂದೇ ಬಂದಿದ್ದು. ನಮ್ಮ ವೀಸಾ ಸ್ಟ್ಯಾಂಪ್ ಮುಗಿಯುತ್ತಾ ಬಂದಿದೆ. ಈಗ ಹೊರಗೆ ಹೋದರೆ ಒಳಗೆ ಬರುವ ಖಾತ್ರಿಯಿಲ್ಲ. ಎಷ್ಟು ವರ್ಷವಾದರೂ ಸರಿ, ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಈ ದೇಶ ಬಿಟ್ಟು ಕದಲಬೇಡಿ.

ಆಂಟಿ ದಿನಾ ಹಿತ್ತಿಲ ಬೇಲಿಯ ಆಚೆಯಿಂದ ರವಿಯನ್ನು ಕೇಳುತ್ತಾರೆ, "ಟಿಕೆಟ್ ಆಯ್ತಾ?" ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಬಂದ ದಿನವೂ ಕೇಳುತ್ತಾರೆ. ರವಿ "ನೋಡ್ತಾ ಇದೀನಿ ಆಂಟಿ" ಅನ್ನುತ್ತಾರೆ. ಆಂಟಿಯ ಹರಕೆ ಈಗ ನಮ್ಮ ಗ್ರೀನ್ ಕಾರ್ಡಿನ ಸಾಲಿನಲ್ಲಿ, ನಮ್ಮ ಹಿಂದೆ ನಿಂತಿದೆ.

ಆ ಸಾಲು ಎಷ್ಟು ಉದ್ದವೆಂದು ನಮ್ಮವರಿಗೆಲ್ಲ ಗೊತ್ತು. ಆಂಟಿಗೆ ಯಾರು ಹೇಳುವುದು?