ಮೀನು ಬೇಯುವಷ್ಟು ಹೊತ್ತು

ಹನೂರಿನಿಂದ ಹೊರಟ ಬಸ್ಸಿನಲ್ಲಿ ನಾನೂ ತಂಗಿಯೂ ಒಬ್ಬರಿಗೊಬ್ಬರು ಒರಗಿ ನಿದ್ದೆ ಹೋಗಿದ್ದೆವು. ಗೋಪಿನಾಥಂನಲ್ಲಿ ಇಳಿದ ಮೇಲೂ ಆ ನಿದ್ದೆ ಪೂರ್ತಿ ಬಿಟ್ಟಿರಲಿಲ್ಲ. ಊರೂ ನಮ್ಮ ಹಾಗೇ ಇತ್ತು. ರಜೆಯ ದಿನವಲ್ಲ, ಪ್ರವಾಸಿಗರೆಂದರೆ ನಾವಿಬ್ಬರೇ. ಕೆರೆಯ ದಂಡೆಯಲ್ಲಿ ಕವುಚಿ ಹಾಕಿದ್ದ ತೆಪ್ಪಗಳ ನೆರಳಿನಲ್ಲಿ ನಾಯಿಗಳು ಮಲಗಿದ್ದವು. ಬೇಸಿಗೆಗೆ ನೀರು ಹಿಂದೆ ಸರಿದು, ಅದು ಬಿಟ್ಟುಹೋದ ನೆಲ ಬಿರುಕು ಬಿಟ್ಟು ಬೆಳ್ಳಗೆ ಒಣಗಿತ್ತು.

ದಂಡೆಯಲ್ಲಿ ಮೀನು ಕರಿಯುವ ಹೆಂಗಸು ಎರಡು ಜಿಲೇಬಿ ಮೀನಿಗೆ ಮಸಾಲೆ ಹಚ್ಚಿ ಬಾಣಲೆಗೆ ಬಿಟ್ಟಳು.

"ಬೇಯಗಂಟ ಕೂತ್ಕಳ್ರವ್ವ."

ನಾನು ಕೂತೆ. ತಂಗಿ ನೀರು ಮುಟ್ಟಿ ಬರುತ್ತೇನೆಂದು ಹೊರಟಳು.

ಅವಳು ದೂರವಾಗಿ ಚಿಕ್ಕದಾಗಿ ಕಾಣುತ್ತಾ ಹೋಗುವುದನ್ನು ಅರೆಗಣ್ಣಿನಲ್ಲಿ ನೋಡುತ್ತಿದ್ದೆ. ಬಿಸಿಲಿಗೆ ನೀರೂ ನೆಲವೂ ಒಂದಾಗಿ ಅಲುಗುತ್ತಿದ್ದವು. ಅವಳು ಮಂಡಿಯೂರಿ ಕೂತಂತೆ ಕಂಡಿತು. ಏನೋ ಹೆಕ್ಕುತ್ತಿದ್ದಾಳೆ ಅಂದುಕೊಂಡೆ. ಮತ್ತೆ ನೋಡಿದಾಗ ಸೊಂಟದಿಂದ ಮೇಲಷ್ಟೇ ಇದ್ದಳು. ಕೂಗು ಕೇಳಲಿಲ್ಲ. ಈಗಲೂ ಆ ಚಿತ್ರ ಹಾಗೇ, ಸದ್ದಿಲ್ಲದೆ ಬರುತ್ತದೆ.

ಎದ್ದು ಓಡಿದೆ. ಹೆಂಗಸು ಹಿಂದಿನಿಂದ ಬಂದು ನನ್ನ ಜಡೆಯನ್ನೇ ಹಿಡಿದು ಜಗ್ಗಿದಳು.

"ಓಗ್‌ಬ್ಯಾಡ! ಮ್ಯಾಲಷ್ಟೇ ಒಣಗ್ಯದೆ, ಒಳಗೆಲ್ಲ ಕೆಸರು. ನೀನೂ ಊತೋಯ್ತೀಯ!" ಆಮೇಲೆ ತಂಗಿಯ ಕಡೆ ಕೂಗಿದಳು: "ಒದ್ದಾಡ್‌ಬ್ಯಾಡ ಕಣವ್ವಾ! ಅಂಗೇ ಹಿಂದಕ್ಕೆ ಮನಿಕ್ಕೊ!"

ತಂಗಿ ಮಲಗಿದಳು. ಹೊಸ ಚೂಡಿದಾರದಲ್ಲಿ, ಎರಡೂ ಕೈ ಚಾಚಿ, ಅಂಗಾತ. ಅವಳ ಮೇಲೆ ಒಂದು ಬೆಳ್ಳಕ್ಕಿ ನಿಧಾನವಾಗಿ ಹಾರಿಹೋಯಿತು. ಅದರ ನೆರಳು ಅವಳನ್ನು ದಾಟಿದ್ದು ನನಗೆ ನೆನಪಿದೆ. ನಾನು ಕಿರುಚುತ್ತಿದ್ದೆನಂತೆ, ಅದು ನೆನಪಿಲ್ಲ.

ಹೆಂಗಸಿನ ಗಂಡ ಒಂದು ತೆಪ್ಪವನ್ನು ಎತ್ತಿ ತಿರುವಿ ಹಾಕಿ, ಅದಕ್ಕೆ ಹಗ್ಗ ಕಟ್ಟಿ, ಒಳಗೆ ಕೂತು ಹುಟ್ಟಿನಿಂದ ತಳ್ಳುತ್ತಾ ಕೆಸರಿನ ಮೇಲೆ ಜಾರಿಹೋದ. ಹಗ್ಗದ ಈ ತುದಿ ನಮ್ಮಿಬ್ಬರ ಕೈಯಲ್ಲಿತ್ತು. ಅವನು ತಂಗಿಯ ಕಂಕುಳಿಗೆ ಕೈ ಕೊಟ್ಟು ಒಂದೊಂದೇ ಕಾಲು ಬಿಡಿಸಿ ಒಳಗೆ ಎಳೆದುಕೊಂಡ ಮೇಲೆ ನಾವು ಜಗ್ಗಿದೆವು. ತೆಪ್ಪ ಬರುತ್ತಲೇ ಇತ್ತು, ಬರುತ್ತಲೇ ಇತ್ತು.

ದಡ ಮುಟ್ಟಿದ ತಂಗಿ ಮೊದಲು ಕೇಳಿದ್ದು, "ನನ್ನ ಚಪ್ಪಲಿ?"

"ಕೆರೆಯವ್ವ ಆಕ್ಕಳ್ಳಿ ಬುಡು," ಅಂದ ಅವನು. "ಏನವ್ವ, ಅಷ್ಟು ಸುಮ್ಕೆ ಮನಗಿದ್ದೆ? ನಿದ್ದೆ ಬಂದ್‌ಬುಟ್ಟಿತ್ತಾ?"

"ಬರ್ತಿತ್ತು," ಅಂದಳು. "ಬೆನ್ನಿಗೆ ತಣ್ಣಗಿತ್ತು."

ಹೆಂಗಸು ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಾಣಲೆಯ ಕಡೆ ಓಡಿದಳು. ಮೀನು ಸೀದಿತ್ತು. ತಂಗಿ ಎರಡನ್ನೂ ತಿಂದಳು.

ವಾಪಸು ಬರುವಾಗಲೂ ಅವಳು ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ನಾನು ಅವಳ ಕೆಸರಿನ ದುಪಟ್ಟಾದ ತುದಿಯನ್ನು ಕೈಗೆ ಸುತ್ತಿಕೊಂಡು ಕೂತಿದ್ದೆ.

ಈಗಲೂ ಮನೆಯಲ್ಲಿ ಅವಳು ಅಂಗಾತ ಮಲಗಿರುವುದನ್ನು ಕಂಡರೆ ಎಬ್ಬಿಸಿಬಿಡುತ್ತೇನೆ.

"ಏನಕ್ಕಾ?"

"ಏನಿಲ್ಲ. ಪಕ್ಕಕ್ಕೆ ತಿರುಗಿ ಮಲಗು."