ಪಾರ್ಕಿಂಗಿನಲ್ಲಿ ನಿಂತ ದೋಣಿ

ನೈರೋಬಿಯ ಸೌತ್ ಸಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದೊಂದು ಮನೆಗೆ ಎರಡೆರಡು ಪಾರ್ಕಿಂಗ್ ಜಾಗ. ನಮ್ಮ ಪಾಲಿನ ಒಂದರಲ್ಲಿ ನನ್ನ ಗಂಡನ ಕಾರು ನಿಲ್ಲುತ್ತದೆ. ಇನ್ನೊಂದರಲ್ಲಿ ನನ್ನ ಕಾರು ನಿಲ್ಲಬೇಕಿತ್ತು. ಅಲ್ಲಿ ದೋಣಿ ನಿಂತಿದೆ. ಸಮುದ್ರ ಇಲ್ಲಿಂದ ಒಂದು ದಿನದ ದಾರಿ. ಊರೊಳಗಿನ ನದಿಯಲ್ಲಿ ಮಕ್ಕಳು ಬಿಟ್ಟ ಕಾಗದದ ದೋಣಿಯೂ ಮುಂದಕ್ಕೆ ಸಾಗದು. ಆದರೂ ನಮಗೊಂದು ದೋಣಿ ಇದೆ. ಮೊದಲ ಸಲ ಮನೆಗೆ ಬರುವವರಿಗೆ ಗುರುತು ಹೇಳುವುದಕ್ಕೆ ಮಾತ್ರ ಬಹಳ ಅನುಕೂಲ.

ಈ ಹುಚ್ಚು ಹತ್ತಿದ್ದು ಇಂಗ್ಲೆಂಡಿನಲ್ಲಿ. ಒಂದು ಬೇಸಿಗೆಯಲ್ಲಿ ಅಲ್ಲಿರುವ ನಾದಿನಿ ನಮ್ಮನ್ನು, ಅಂದರೆ ನನ್ನನ್ನು, ನನ್ನ ಗಂಡನನ್ನು, ಮಗಳನ್ನು ಒಂದು ವಾರ ಕಾಲುವೆ ದೋಣಿಯಲ್ಲಿ ಕೂರಿಸಿ ಕಳಿಸಿದಳು. ನ್ಯಾರೋಬೋಟ್ ಎನ್ನುತ್ತಾರೆ. ಅಗಲಕ್ಕೆ ಎರಡು ಮಂಚ ಹಿಡಿಯದು, ಉದ್ದಕ್ಕೆ ಮದುವೆಮನೆಯ ಊಟದ ಪಂಕ್ತಿಯಷ್ಟಿರುತ್ತದೆ. ಒಳಗೇ ಅಡುಗೆಮನೆ, ಹಾಸಿಗೆ, ಬಚ್ಚಲು. ಹೊರಗೆಲ್ಲ ಗುಲಾಬಿ ಹೂವಿನ ಚಿತ್ರಗಳು. ವೇಗ ಎಷ್ಟೆಂದರೆ, ದಡದ ಮೇಲೆ ನಾಯಿ ಹಿಡಿದುಕೊಂಡು ಹೋಗುವ ಅಜ್ಜಿಯರು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ಮರುಕದಿಂದ ಕೈ ಬೀಸುತ್ತಿದ್ದರು.

ನಡುನಡುವೆ ಲಾಕ್ ಎಂಬ ಕಾಟ ಬೇರೆ. ಕಾಲುವೆ ಎತ್ತರಕ್ಕೆ ಹತ್ತುವ ಕಡೆಯಲ್ಲೆಲ್ಲ ಎರಡು ಬಾಗಿಲುಗಳ ನಡುವೆ ದೋಣಿಯನ್ನು ನಿಲ್ಲಿಸಿ, ನೀರು ತುಂಬಿಸಿ, ಮೇಲೆತ್ತಬೇಕು. ಯಾರಾದರೂ ದಡಕ್ಕೆ ಹಾರಿ, ಕಬ್ಬಿಣದ ಹಿಡಿ ತಿರುಗಿಸಿ, ಮರದ ದಿಮ್ಮಿಗೆ ಬೆನ್ನು ಕೊಟ್ಟು ಬಾಗಿಲು ತಳ್ಳಬೇಕು. ಆ ಯಾರಾದರೂ ನಾನೇ. ನನ್ನ ಗಂಡ ಹಿಂದೆ ಚುಕ್ಕಾಣಿ ಹಿಡಿದು, ಟೋಪಿ ಹಾಕಿಕೊಂಡು ನಿಂತು, "ಇನ್ನೂ ಸ್ವಲ್ಪ ತಳ್ಳೇ, ಬರ್ತಾ ಇದೆ" ಎನ್ನುತ್ತಿದ್ದರು. ಏಳು ದಿನವೂ ಅವರು ಕ್ಯಾಪ್ಟನ್, ನಾನು ಕೂಲಿ. ವಾಪಸು ಬರುವಾಗ ವಿಮಾನದಲ್ಲಿ ನಾನು ಬೆನ್ನಿಗೆ ಮುಲಾಮು ಹಚ್ಚಿಕೊಂಡು ಕೂತಿದ್ದೆ. ಅವರು ಕಿಟಕಿಯಾಚೆ ನೋಡುತ್ತ, "ನಮ್ಮದೂ ಅಂತ ಒಂದು ದೋಣಿ ಇರಬೇಕು ಕಣೇ" ಎಂದರು. ಎತ್ತರಕ್ಕೆ ಹೋದಾಗ ತಲೆ ತಿರುಗಿ ಏನೋ ಹೇಳುತ್ತಿದ್ದಾರೆ ಎಂದುಕೊಂಡು ಸುಮ್ಮನಾದೆ. ಅಲ್ಲೇ ತಪ್ಪಿದ್ದು ನಾನು.

ಅವರ ಕೆಲಸದ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಲ್ಲಿನ ಒಂದು ಔಷಧಿ ಕಾರ್ಖಾನೆಯಲ್ಲಿ ಅವರು ಕ್ವಾಲಿಟಿ ವಿಭಾಗದ ಮುಖ್ಯಸ್ಥರು. ಅಲ್ಲಿ ಯಂತ್ರ ತೊಳೆದರೂ ಒಂದು ಪಟ್ಟಿ, ಆ ಪಟ್ಟಿಗೆ ಎರಡು ಸಹಿ. ಒಂದು ಮಾಡಿದವರದು, ಇನ್ನೊಂದು ಪರಿಶೀಲಿಸಿದವರದು. ಕಣ್ಣಾರೆ ನೋಡದೆ ಸಹಿ ಹಾಕಿದವರನ್ನು ಇವರು ಸುಮ್ಮನೆ ಬಿಟ್ಟದ್ದೇ ಇಲ್ಲ. ಮನೆಯಲ್ಲೂ ಅದೇ. ಬೆಂಗಳೂರಿಗೆ ಹೊರಟರೆ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂಬುದಕ್ಕೂ ಪಟ್ಟಿಯಲ್ಲಿ ಒಂದು ಸಾಲು. ನಾನು ಎಂದೂ ಸಹಿ ಹಾಕಿದವಳಲ್ಲ.

ಆರು ತಿಂಗಳಲ್ಲಿ ದೋಣಿ ಬಂದೇ ಬಿಟ್ಟಿತು. ಇಲ್ಲೇ ನೈರೋಬಿಯ ಹರ್ಲಿಂಗ್‌ಹ್ಯಾಮಿನಲ್ಲಿದ್ದ ಒಬ್ಬರು ದೇಶ ಬಿಟ್ಟು ಹೊರಟಾಗ ಮಾರಿದ್ದು. ಐದು ಜನ ಕೂರಬಹುದಾದ ಫೈಬರ್ ದೋಣಿ, ಹಿಂದೆ ಒಂದು ಮೋಟಾರು, ಕೆಳಗೆ ಎಳೆದೊಯ್ಯಲು ಟ್ರೇಲರ್. ಇದರಲ್ಲಿ ಅಡುಗೆಮನೆ ಇಲ್ಲ, ಹಾಸಿಗೆ ಇಲ್ಲ. ಗುಲಾಬಿಯಾದರೂ ಇರಲಿ ಎಂದು ಇವರು ಮಟಾಟುಗಳಿಗೆ, ಅಂದರೆ ಇಲ್ಲಿನ ಬಾಡಿಗೆ ಮಿನಿಬಸ್ಸುಗಳಿಗೆ, ಚಿತ್ರ ಬಿಡಿಸುವ ಕಲಾವಿದನನ್ನು ಕರೆಸಿದರು. ಅವನು ಹೇಳಿದಂತೆ ಗುಲಾಬಿ ಬಿಡಿಸಿದ. ಆಮೇಲೆ ಕೈ ಸುಮ್ಮನಿರದೆ ಸುತ್ತ ಬೆಂಕಿಯ ಜ್ವಾಲೆ, ಮಿಂಚು, ಮೂತಿಯ ಮೇಲೆ ಬಾಯಿ ತೆರೆದ ಸಿಂಹ ಬಿಡಿಸಿ, ಇವೆಲ್ಲ ಉಚಿತ ಎಂದ.

ಆ ಸಿಂಹ ಒಂದೂವರೆ ವರ್ಷ ನೀರು ಕಾಣಲಿಲ್ಲ. ಶನಿವಾರ ಬೆಳಿಗ್ಗೆ ಇವರು ಕಾಫಿ ಲೋಟ ಹಿಡಿದು ಕೆಳಗಿಳಿದು ದೋಣಿ ಹತ್ತಿ ಕೂರುವುದು, ಗೇಟಿನ ವಾಚ್‌ಮನ್ "ಹಬಾರಿ, ಕ್ಯಾಪ್ಟನ್" ಎಂದು ಸಲಾಮು ಹೊಡೆಯುವುದು, ಇವರು "ಸವಾ, ಸವಾ" ಎಂದು ಗಂಭೀರವಾಗಿ ತಲೆಯಾಡಿಸುವುದು. ನಾನು ಮಳೆಯಲ್ಲಿ ಹೊರಗಿನ ರಸ್ತೆಯಲ್ಲಿ ಕಾರು ನಿಲ್ಲಿಸಿ, ತರಕಾರಿ ಚೀಲ ಎದೆಗವಚಿಕೊಂಡು, ಆ ಸಿಂಹದ ಮುಂದೆಯೇ ಓಡಿ ಬರುವುದು. ಮಳೆ ಬಂದಾಗ ದೋಣಿಯೊಳಗೂ ನೀರು ನಿಲ್ಲುತ್ತಿತ್ತು. ಅದು ಹರಿದುಹೋಗಲೆಂದೇ ಹಿಂಭಾಗದ ಬುಡದಲ್ಲಿ ಹೆಬ್ಬೆರಳು ತೂರುವಷ್ಟು ಒಂದು ತೂತು, ಅದಕ್ಕೊಂದು ತಿರುಗಿಸಿ ಹಾಕುವ ಬಿರಡೆ. ನೆಲದ ಮೇಲಿದ್ದಾಗ ಬಿರಡೆ ತೆಗೆದು ಟೂಲ್ ಬಾಕ್ಸಿನಲ್ಲಿಡಬೇಕು, ನೀರಿಗಿಳಿಸುವ ಮೊದಲು ಹಾಕಬೇಕು. ಇದನ್ನು ಇವರು ಒಮ್ಮೆ ನನಗೆ ಅರ್ಧ ಗಂಟೆ ವಿವರಿಸಿದ್ದರು. ಆಗ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದರ ಕಡೆಗೇ ನನ್ನ ಗಮನವೆಲ್ಲ ಇತ್ತು.

ಕೊನೆಗೆ ನವರಾತ್ರಿಯ ಹೊತ್ತಿಗೆ ನಾನು ಪಟ್ಟು ಹಿಡಿದೆ. "ರೀ, ಒಂದೇ ಒಂದು ಸಲ ನೈವಾಶಾ ಕೆರೆಗೆ ತಗೊಂಡು ಹೋಗಿ. ಮೂರೂ ಜನ ಹೋಗಿ ಒಣಗಿದ ಬಟ್ಟೆಯಲ್ಲೇ ವಾಪಸ್ ಬಂದ್ರೆ ದೋಣಿ ಇರ್ಲಿ, ನಾನು ಇನ್ನು ಆ ವಿಷಯ ಎತ್ತಲ್ಲ. ಇಲ್ಲಾಂದ್ರೆ ಮಾರಿಬಿಡೋದು."

ಅವರು ನನ್ನನ್ನು ನೋಡಿದರು. "ಪ್ರಾಮಿಸ್?"

"ಪ್ರಾಮಿಸ್."

ಮಗಳಿಗೆ ಹದಿನಾರು. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ಬಿಟ್ಟರೆ ಇಂಗ್ಲಿಷ್. "ಐ ವಿಲ್ ಕೀಪ್ ದಿ ಆ್ಯಡ್ ರೆಡಿ" ಎಂದು ಅವಳು ಫೋನಿನಲ್ಲಿ ಮಾರಾಟದ ಜಾಹೀರಾತು ಬರೆದಿಟ್ಟುಕೊಂಡಳು, ಸಿಂಹದ ಫೋಟೋ ಸಮೇತ.

ಆಯುಧ ಪೂಜೆಗೆ ಇವರು ದೋಣಿ ತೊಳೆದು ಮಾವಿನೆಲೆ ಕಟ್ಟಿದರು. ಟ್ರೇಲರಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟು ಅರೆದದ್ದಾಯಿತು. ದೋಣಿಯ ಟೂಲ್ ಬಾಕ್ಸ್ ದೇವರ ಮನೆಯ ಮುಂದೆ ಬಂತು. ಸ್ಪ್ಯಾನರು, ಸ್ಕ್ರೂಡ್ರೈವರು, ಮೋಟಾರಿನ ಕೀ, ಮಗಳ ಲ್ಯಾಪ್‌ಟಾಪು, ನನ್ನ ಮಿಕ್ಸಿ ಎಲ್ಲಕ್ಕೂ ಅರಿಶಿನ ಕುಂಕುಮ. ನಮ್ಮಮ್ಮನ ಮನೆಯ ಪದ್ಧತಿಯಂತೆ ಆ ದಿನ ಮನೆಯಲ್ಲಿರುವ ಹಿತ್ತಾಳೆಯೆಲ್ಲ ಹುಣಸೆಹಣ್ಣಿನಲ್ಲಿ ಬೆಳಗಲೇಬೇಕು. ಬೆಳಗಲು ಕೂತರೆ ನನ್ನ ಕೈ ಇದು ಯಾವುದು, ಅದು ಯಾರದು ಎಂದು ಕೇಳುವುದಿಲ್ಲ. ದೀಪ, ಗಂಟೆ, ತಟ್ಟೆ, ಕಿಲುಬು ಹಿಡಿದು ಕಣ್ಣಿಗೆ ಬಿದ್ದದ್ದೆಲ್ಲ ಉಜ್ಜಿ ಫಳಫಳ ಮಾಡಿ ಜೋಡಿಸಿಟ್ಟೆ. ಮಾರನೆಯ ದಿನ ಟೂಲ್ ಬಾಕ್ಸ್ ಕೆಳಗೆ ಹೋಯಿತು.

ಹನ್ನೆರಡು ದಿನ ಕಳೆದು ಒಂದು ಶನಿವಾರ ಹೊರಟೆವು. ಹಿಂದಿನ ಸಂಜೆ ಇವರು ಸೋಫಾದಲ್ಲಿ ಕೂತು ಎರಡು ಪುಟದ ಪಟ್ಟಿಗೆ ಟಿಕ್ ಹಾಕಿ ಮುಗಿಸಿದ್ದರು. ಘಟ್ಟ ಇಳಿಯುವಾಗ ಹಿಂದೆ ಬರುತ್ತಿದ್ದ ಮಟಾಟುಗಳೆಲ್ಲ ನಮ್ಮ ಸಿಂಹಕ್ಕೆ ಹಾರ್ನ್ ಹೊಡೆದು ಗೌರವ ಸಲ್ಲಿಸಿದವು. ನೈವಾಶಾದ ದಡದಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ವಯಸ್ಸಾದ ದೋಣಿಯಾತ ಒಬ್ಬನಿದ್ದ. ಟ್ರೇಲರನ್ನು ನೀರಿಗೆ ಇಳಿಸಲು ಅವನೇ ಕೈಕೊಟ್ಟ. ನಮ್ಮ ಚಿತ್ರಕಲೆಯನ್ನು ಸುತ್ತು ಹಾಕಿ ನೋಡಿ, "ಬ್ಯೂಟಿಫುಲ್, ಮಾಮಾ" ಎಂದು ನನಗೆ ಹೇಳಿದ. ಇಲ್ಲಿ ಗೃಹಿಣಿಯರನ್ನೆಲ್ಲ ಮಾಮಾ ಎಂದೇ ಕರೆಯುತ್ತಾರೆ.

ಸುಳ್ಳು ಯಾಕೆ ಹೇಳಲಿ, ಮೊದಲ ಕಾಲು ಗಂಟೆ ನನಗೆ ಖುಷಿಯಾಯಿತು. ನೀರೊಳಗೆ ನಿಂತ ಒಣಮರಗಳ ನಡುವೆ ದೋಣಿ ಸರಾಗವಾಗಿ ಹೋಯಿತು. ತಲೆಯ ಮೇಲೆ ಹದ್ದು ಕೂಗಿತು. ಮಗಳು ಫೋನು ಒಳಗಿಟ್ಟಳು. ಇವರು ಚುಕ್ಕಾಣಿ ಹಿಡಿದು ನಿಂತಿದ್ದರು, ಅದೇ ಟೋಪಿ. ತಳ್ಳಲು ಬಾಗಿಲಿಲ್ಲ, ತಿರುಗಿಸಲು ಹಿಡಿಯಿಲ್ಲ, ನಾನು ಸುಮ್ಮನೆ ಕೂತಿದ್ದೆ. ಕೊನೆಯ ಸಲ ಯಾವಾಗ ಹೀಗೆ ಸುಮ್ಮನೆ ಕೂತಿದ್ದೆನೋ ನೆನಪಾಗಲಿಲ್ಲ. ಆದರೆ ಮುಖದ ಮೇಲೆ ಏನೂ ತೋರಿಸಿಕೊಳ್ಳಲಿಲ್ಲ. ಪಂದ್ಯ ಇನ್ನೂ ನಡೆದಿತ್ತಲ್ಲ.

ತಿಂಡಿಗೆಂದು ಇವರು ಮೋಟಾರು ನಿಲ್ಲಿಸಿದರು. ಓಡುವಾಗ ಆ ತೂತಿನಿಂದ ನೀರು ಹೊರಕ್ಕೇ ಹೋಗುತ್ತಿರುತ್ತದಂತೆ, ನಿಂತರೆ ಒಳಕ್ಕೆ ಬರುತ್ತದಂತೆ. ಇದು ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಪುಳಿಯೋಗರೆ ಡಬ್ಬಿಯ ಮುಚ್ಚಳ ತೆಗೆದು ಕೆಳಗಿಟ್ಟೆ, ಅದು ತೇಲಿಕೊಂಡು ಮಗಳ ಹತ್ತಿರ ಹೋಯಿತು.

"ಅಮ್ಮಾ, ವೈ ಈಸ್ ಮೈ ಶೂ ವೆಟ್?"

ನೋಡನೋಡುತ್ತಿದ್ದಂತೆ ನೀರು ಹಿಮ್ಮಡಿ ದಾಟಿತು. ಇವರು ಮೋಟಾರು ಚಾಲೂ ಮಾಡಲು ಹೋದರೆ ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಸ್ವಲ್ಪ ದೂರದಲ್ಲಿ ನೀರ್ಗುದುರೆಗಳ ಕಿವಿಗಳು ಕಾಣುತ್ತಿದ್ದವು. ಅವು ನಮ್ಮ ಕಡೆಗೇ ನೋಡುತ್ತಿವೆ ಎಂದು ನಾನು ಕೂಗಿಕೊಂಡೆ. ಇವರು ಪುಳಿಯೋಗರೆಯನ್ನು ಕೆರೆಗೆ ಸುರಿದು ಅದೇ ಡಬ್ಬಿಯಲ್ಲಿ ನೀರು ಎತ್ತಿ ಹಾಕತೊಡಗಿದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾಡಿದ ಪುಳಿಯೋಗರೆ! ಆ ಗಾಬರಿಯಲ್ಲೂ ನನಗೆ ಹೊಟ್ಟೆ ಉರಿಯಿತು.

ನಮ್ಮ ಬೊಬ್ಬೆ ಕೇಳಿ ದಡದ ದೋಣಿಯಾತ ತನ್ನ ದೋಣಿಯಲ್ಲಿ ಬಂದ. "ಪೋಲೆ, ಮಾಮಾ, ಪೋಲೆ" ಎಂದು ಸಮಾಧಾನ ಹೇಳುತ್ತ ನಮ್ಮ ಮೂವರನ್ನು ತನ್ನದಕ್ಕೆ ಹತ್ತಿಸಿಕೊಂಡು, ನಮ್ಮದನ್ನು ಹಗ್ಗ ಕಟ್ಟಿ ಎಳೆದು ತಂದ. ದಡದಲ್ಲಿ ದೋಣಿಯ ಹಿಂಭಾಗಕ್ಕೆ ಬಗ್ಗಿ, ತೂತಿಗೆ ತನ್ನ ಹೆಬ್ಬೆರಳು ತುರುಕಿ, ಇವರನ್ನು ನೋಡಿದ. "ಕ್ಯಾಪ್ಟನ್, ಪ್ಲಗ್ ಎಲ್ಲಿ?"

ಇವರು ಟೂಲ್ ಬಾಕ್ಸ್ ತಲೆಕೆಳಗು ಮಾಡಿ ಸುರಿದರು. ಬಿರಡೆ ಇಲ್ಲ. ಪಟ್ಟಿ ತೆಗೆದರು. ಅದು ಒದ್ದೆಯಾಗಿತ್ತು, ಆದರೆ ಓದಬಹುದಿತ್ತು. "ಬಿರಡೆ ಹಾಕಿದೆ" ಎಂಬ ಸಾಲಿನ ಮುಂದೆ ಟಿಕ್. ಮಾಡಿದವರು, ಪರಿಶೀಲಿಸಿದವರು, ಎರಡರ ಕೆಳಗೂ ಅವರದೇ ಸಹಿ. ಅವರ ಮುಖ ಕಪ್ಪಿಟ್ಟಿತು. ಆ ಕ್ಷಣದಲ್ಲೇ ನನಗೆ ಹುಣಸೆಹಣ್ಣಿನ ವಾಸನೆ ನೆನಪಾಯಿತು. ಕಿಲುಬು ಹಿಡಿದ, ಗಿಡ್ಡನೆಯ ಒಂದು ಹಿತ್ತಾಳೆ ವಸ್ತು. ಗಟ್ಟಿಯಾಗಿ ಉಜ್ಜಿದ್ದೆ. ಬಾಯಿ ತೆರೆದೆ. ಮುಚ್ಚಿಕೊಂಡೆ.

ವಾಪಸು ಬರುವಾಗ ಅವರು ಘಟ್ಟ ಹತ್ತಿದ ಮೇಲೆ, "ನೋಡದೇ ಸೈನ್ ಹಾಕಿದೆ ಕಣೇ. ನಾನು! ಮಗೂನ ಕೂರಿಸ್ಕೊಂಡು" ಎಂದರು. ಇನ್ನಷ್ಟು ದೂರ ಹೋದ ಮೇಲೆ, "ಮಾರಿಬಿಡೋಣ. ದೋಣಿ ಇಟ್ಕೊಳ್ಳೋ ಯೋಗ್ಯತೆ ನನಗಿಲ್ಲ" ಎಂದರು. ಹಿಂದಿನ ಸೀಟಿನಿಂದ ಮಗಳು, "ಅಪ್ಪ, ಇಟ್ಸ್ ಫೈನ್" ಎಂದಳು. ನಾನು ಗೆದ್ದಿದ್ದೆ. ಪಾರ್ಕಿಂಗ್ ಜಾಗ ನನ್ನದಾಗಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅಷ್ಟು ಸುಲಭದ ಕೆಲಸ ಅಷ್ಟು ಕಷ್ಟವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದವಳು ಒದ್ದೆ ಬಟ್ಟೆಯಲ್ಲೇ ದೇವರ ಮನೆಗೆ ಹೋದೆ. ಗಂಟೆಯ ಪಕ್ಕದಲ್ಲಿ ಆ ಬಿರಡೆ, ಅಗಲದ ತಲೆ ಕೆಳಗಾಗಿ ನೆಟ್ಟಗೆ ನಿಂತಿತ್ತು, ಫಳಫಳ ಹೊಳೆಯುತ್ತ. ಹಣೆಗೆ ಗಂಧ, ಕುಂಕುಮ. ನೆತ್ತಿಯ ಮೇಲೆ ಒಂದು ಕೆಂಪು ದಾಸವಾಳ, ಅವತ್ತು ಬೆಳಿಗ್ಗೆ ಇಟ್ಟದ್ದು. ನಮ್ಮ ಮನೆಯಲ್ಲಿ ಬೆಳಗಿನ ಪೂಜೆ ನನ್ನ ಗಂಡನದು. ಸ್ನಾನಕ್ಕೆ ತೆಗೆದಿಟ್ಟ ಕನ್ನಡಕವನ್ನು ಪೂಜೆ ಮುಗಿದ ಮೇಲೆಯೇ ಹಾಕಿಕೊಳ್ಳುವುದು.

ಹೂವಿನ ಸಮೇತ ಅದನ್ನು ಅಂಗೈಯಲ್ಲಿಟ್ಟುಕೊಂಡು ಹಾಲಿಗೆ ಬಂದೆ. ಇವರು ಸೋಫಾದಲ್ಲಿ ತಲೆ ತಗ್ಗಿಸಿ ಕೂತು, "ಹಾಕ್ಬಿಡು ಪುಟ್ಟಿ, ಆ್ಯಡ್ ಹಾಕ್ಬಿಡು" ಎನ್ನುತ್ತಿದ್ದರು. ಮಗಳ ಹೆಬ್ಬೆರಳು ಫೋನಿನ ಮೇಲಿತ್ತು.

"ತಡಿಯೇ" ಎಂದೆ. "ರೀ, ನಾನೇ ಇಟ್ಟಿದ್ದು. ದೀಪದ ಜೊತೆ ಬೆಳಗಿ ದೇವರ ಹತ್ರ ಇಟ್ಟುಬಿಟ್ಟೆ. ಕೆರೆ ದಡದಲ್ಲೇ ನೆನಪಾಯ್ತು, ಹೇಳ್ಲಿಲ್ಲ. ಬೇಕು ಅಂತಲೇ ಹೇಳ್ಲಿಲ್ಲ."

ಅವರು ಕನ್ನಡಕ ಸರಿಮಾಡಿಕೊಂಡು ಬಿರಡೆಯನ್ನು ನೋಡಿದರು. ದಾಸವಾಳವನ್ನು ನೋಡಿದರು. ಬಯ್ಯುತ್ತಾರೆ ಎಂದು ಕಾದೆ.

"ಇದಕ್ಕೆ ದಿನಾ ಹೂವು ಇಟ್ಟಿದೀನಲ್ಲೇ" ಎಂದರು ಸಣ್ಣ ದನಿಯಲ್ಲಿ. "ನಿಮ್ಮಮ್ಮ ಕಳಿಸಿರೋ ಯಾವುದೋ ಲಿಂಗ ಅಂದ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ಇದರ ಮುಂದೇನೇ ನಿಂತು, ದೋಣಿ ಮುಳುಗದೇ ಇರ್ಲಿ ಅಂತ ಕೈ ಮುಗಿದೆ."

ಮಗಳು ಸೋಫಾದಿಂದ ಜಾರಿ ನೆಲಕ್ಕೆ ಬಿದ್ದು ನಕ್ಕಳು. ಆಮೇಲೆ ನಾನು. ಕೊನೆಗೆ ಅವರೂ ಕಣ್ಣು ಒರೆಸಿಕೊಳ್ಳುತ್ತ ನಕ್ಕರು. "ಆ ಮೊದಲ ಕಾಲು ಗಂಟೆ ಚೆನ್ನಾಗಿತ್ತು ರೀ" ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಜಾಹೀರಾತು ಅಳಿಸಿಹೋಯಿತು.

ಮೋಟಾರು ರಿಪೇರಿಯಾಗಿ ಬರಲು ಒಂದು ತಿಂಗಳಾಯಿತು. ಬಿರಡೆ ಮಾತ್ರ ದೇವರ ಮನೆಯಲ್ಲೇ ಉಳಿಯಿತು. ಎಲ್ಲಿದೆಯೆಂದು ಮೂವರಿಗೂ ಗೊತ್ತಿರುವ ಜಾಗ ಅದೊಂದೇ. ಮತ್ತೆ ನೈವಾಶಾಕ್ಕೆ ಹೋದ ದಿನ, ಟ್ರೇಲರಿನ ಹಿಂಭಾಗ ನೀರಿನಂಚಿಗೆ ಬಂದಾಗ, ದೋಣಿ ಇಳಿಸುವ ಮೊದಲು ಇವರು ಬಿರಡೆ ತಿರುಗಿಸಿ ಬಿಗಿ ಮಾಡಿ, ಪಟ್ಟಿಯನ್ನೂ ಪೆನ್ನನ್ನೂ ನನ್ನ ಮುಂದೆ ಹಿಡಿದರು. ಮಾಡಿದವರು ಎಂಬಲ್ಲಿ ಅವರ ಸಹಿ ಇತ್ತು. ಅದರ ಪಕ್ಕದ ಜಾಗ ಖಾಲಿ ಇತ್ತು.

ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ದೋಣಿಯ ಹಿಂದಕ್ಕೆ ಹೋಗಿ ಬಗ್ಗಿ, ಬಿರಡೆಯನ್ನು ಮುಟ್ಟಿ, ಇನ್ನೂ ಒಂದು ಸುತ್ತು ಬಿಗಿ ಮಾಡಿದೆ. ಆಮೇಲೆ ಬಂದು ಸಹಿ ಹಾಕಿದೆ.