ಎಡಕ್ಕೆ ತಿರುಗಿದ ದೋಸೆ

ನಮ್ಮವರ ಹೆಸರು ಪುಂಡರೀಕಾಕ್ಷ. ಗಂಡನ ಹೆಸರು ಹೇಳಬಾರದಂತೆ, ಇರಲಿ. ಅವರಿಗೆ ಎಲ್ಲವೂ ಬಲಕ್ಕೇ ತಿರುಗಬೇಕು. ಠಾಣೆ ಪಟ್ಟಣದ ಕೋಪರಿ ಬಡಾವಣೆಯ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹೊಯ್ದವರು. ಕಾವಲಿಯ ಮೇಲೆ ಸೌಟೂ ಪ್ರದಕ್ಷಿಣೆಯಾಗಿಯೇ ಸುತ್ತಬೇಕು. ಹೊಸ ಅಡುಗೆಯವನೊಬ್ಬ ಎಡಕ್ಕೆ ಸುತ್ತಿದನೆಂದು ಆ ದೋಸೆಯನ್ನೇ ಬದಿಗಿಟ್ಟಿದ್ದರು. ಇಂಥವರನ್ನು ಕಟ್ಟಿಕೊಂಡ ಪುಣ್ಯ ನನ್ನದು.

ಹೋಟೆಲು ಬಿಟ್ಟ ಮೇಲೆ ಚಿತ್ರ ಬಿಡಿಸುವ ಹುಚ್ಚು ಹಿಡಿಯಿತು. 2009ರಲ್ಲಿ ಮೊಮ್ಮಗಳು ನಿಶಾಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಹಿಂದಿನ ವರ್ಷ ಅವಳ ಜ್ವಾಲಾಮುಖಿಯ ಮಾದರಿ ಉಕ್ಕದೆ ತರಗತಿಯೆಲ್ಲ ನಕ್ಕಿತ್ತು. ಹುಡುಗಿ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಈ ಸಲ ಗೆದ್ದರೆ ಪಕ್ಕದ ವಾಶಿ ಪಟ್ಟಣದ ದೊಡ್ಡ ಪ್ರದರ್ಶನಕ್ಕೆ ಹೋಗಬಹುದು. ಮತ್ತೆ ನಗೆಪಾಟಲಾದರೆ ಶಾಲೆಗೇ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಳು.

ಅಜ್ಜ ಮೊಮ್ಮಗಳು ಸೇರಿ ಜೋಯಟ್ರೋಪ್ ಮಾಡಿದರು. ಸಿನಿಮಾಕ್ಕಿಂತ ಅರವತ್ತು ವರ್ಷ ಮೊದಲೇ ಹುಟ್ಟಿದ ಆಟಿಕೆಯಂತೆ ಅದು. ರಟ್ಟಿನ ಡಬ್ಬಿ, ಸುತ್ತ ಸೀಳುಗಳು, ಒಳಗೆ ಸಾಲು ಚಿತ್ರ. ಗಿರ್ರನೆ ತಿರುಗಿಸಿ ಸೀಳಿನಲ್ಲಿ ನೋಡಿದರೆ ಚಿತ್ರಗಳು ಚಲಿಸುತ್ತವೆ. ನಮ್ಮವರು ಬಿಡಿಸಿದ್ದು ಇನ್ನೇನು, ದೋಸೆ. ಹಿಟ್ಟು ಹೊಯ್ಯುವುದರಿಂದ ಮಡಚುವವರೆಗೆ ಹನ್ನೆರಡು ಚಿತ್ರ, ಎಡದಿಂದ ಬಲಕ್ಕೆ. ಅಂಟು ಒಣಗುವ ಮೊದಲೇ ಶಾಲೆಗೆ ಓಡಿದ್ದರಿಂದ ತಿರುಗಿಸಿ ನೋಡಲು ಪುರುಸೊತ್ತಾಗಲಿಲ್ಲ.

ನಿಶಾ ವಿವರಿಸುವುದು, ಅಜ್ಜ ತಿರುಗಿಸುವುದು ಎಂದು ಮಾತಾಗಿತ್ತು. ಅಜ್ಜ ಬಲಕ್ಕೆ ತಿರುಗಿಸಿದರು. ಚಿತ್ರಗಳು ಹಿಂದುಮುಂದಾಗಿ ಓಡಿದವು. ಗರಿಗರಿ ದೋಸೆ ಬಿಚ್ಚಿಕೊಂಡು, ಬೆಳ್ಳಗಾಗಿ, ಹಿಟ್ಟಾಗಿ ಸೌಟಿಗೆ ವಾಪಸು ಹೋಯಿತು. ಮಕ್ಕಳು ಗೊಳ್ಳೆಂದು ನಕ್ಕರು. ತೀರ್ಪುಗಾರರು ಆಗಲೇ ಪಕ್ಕದ ಮೇಜಿಗೆ ಬಂದಿದ್ದರು.

“ಅಜ್ಜಾ, ಉಲ್ಟಾ ಘುಮಾವೋ ನಾ,” ಎಂದಳು ನಿಶಾ, ಕಣ್ಣು ತುಂಬಿಕೊಂಡು. ಕನ್ನಡ ಅವಳಿಗೆ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ.

“ಎಡಕ್ಕಾ? ಅಪ್ರದಕ್ಷಿಣೆ ನನ್ನಿಂದ ಆಗ್ಲಿಕ್ಕಿಲ್ಲ ಮಗಾ. ನೀನೂ ಮಾಡ್ಬೇಡ.”

ಪಕ್ಕದಲ್ಲೇ ನಿಂತಿದ್ದ ನನಗೆ ಪಿತ್ತ ನೆತ್ತಿಗೇರಿತು. “ದೇವರಿಗೆ ಆಮೇಲೆ ನಾನು ಹೇಳ್ತೇನೆ. ನೀವು ಮೊದ್ಲು ಮಗುವಿನ ಮುಖ ನೋಡಿ.”

ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಏನೋ ಗೊಣಗಿ, ಡಬ್ಬಿಯನ್ನು ಎಡಕ್ಕೆ ತಿರುಗಿಸಿದರು. ಹಿಟ್ಟು ಬಿತ್ತು, ಹರಡಿತು, ಕೆಂಪಾಗಿ ಮಡಚಿಕೊಂಡಿತು. ತೀರ್ಪುಗಾರರೊಬ್ಬರು ಬಗ್ಗಿ ನೋಡಿ, ಚಟ್ನಿ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದರು. ನಿಶಾ ನಕ್ಕುಬಿಟ್ಟಳು. ವಾಶಿಗೆ ಅವಳೇ ಆಯ್ಕೆಯಾದಳು.

ಮನೆಗೆ ಹೋಗುವ ದಾರಿಯಲ್ಲಿ ಇವರು ಗಣಪತಿ ಗುಡಿಗೆ ನುಗ್ಗಿ ತಪ್ಪಿಗೆಂದು ಮೂರು ಸುತ್ತು ಬಂದರು. ನಾಲ್ಕನೆಯದೂ ಶುರುವಾಯಿತು.

“ಮೂರಾಯ್ತಲ್ಲ, ಸಾಕು ಬನ್ನಿ,” ಎಂದೆ.

“ಇರು ಮಾರಾಯ್ತಿ. ವಾಶಿಯಲ್ಲಿ ಇಡೀ ದಿನ ಎಡಕ್ಕೇ ತಿರುಗಿಸ್ಲಿಕ್ಕುಂಟು. ಅದರದ್ದೂ ಈಗ್ಲೇ ಮುಗಿಸ್ತೇನೆ.”

ನಿಶಾ ಚಪ್ಪಲಿ ಬಿಟ್ಟು ಓಡಿಹೋಗಿ ಅಜ್ಜನ ಕೈ ಹಿಡಿದು ಜೊತೆಗೆ ಸುತ್ತತೊಡಗಿದಳು.